ರಹಿಮಾನಸಾಬನ ಹಣ್ಣಿನ ತಟ್ಟೆ

ಬೈಲಹೊಂಗಲದ ಆ ಓಣಿಯಲ್ಲಿ ಹಾಸಿಗೆ ಹಿಡಿದವರಿಗಲ್ಲದೆ ಬೇರೆ ಯಾರಿಗೂ ಹಣ್ಣು ತರುವ ರೂಢಿ ಇರಲಿಲ್ಲ. ಬಾಳೆಹಣ್ಣು ದೇವರ ಲೆಕ್ಕ. ಕಿತ್ತಳೆ, ಸೇಬು, ದಾಳಿಂಬೆಯೆಂದರೆ ದವಾಖಾನೆಯ ಲೆಕ್ಕ. ಇದು ಗೊತ್ತಿದ್ದೂ ಪೇಂಟರ್ ರಹಿಮಾನಸಾಬ ಆ ಮುಂಜಾನೆ ಮೂರೂ ಬಗೆಯ ಹಣ್ಣು ಕೊಂಡು, ಕೈಚೀಲದ ಬಾಯಿ ಮುಚ್ಚದೆ, ಓಣಿಯ ನಟ್ಟನಡುವೆ ನಡೆದು ಬಂದ. ಎಡವಟ್ಟಾದದ್ದು ಅಲ್ಲೇ.

ಅಂಗಡಿಯ ಬೋರ್ಡು, ಲಾರಿಯ ಬೆನ್ನು, ಟ್ರ್ಯಾಕ್ಟರಿನ ಹೆಸರು ಬರೆಯುವುದು ಅವನ ಹೊಟ್ಟೆಪಾಡು. ಜೀವ ಇದ್ದದ್ದು ಮಾತ್ರ ಎಣ್ಣೆಬಣ್ಣದ ಚಿತ್ರದಲ್ಲಿ. ಅದೂ ಮೇಜಿನ ಮೇಲೆ ಸುಮ್ಮನೆ ಕುಳಿತ ತಂಬಿಗೆ, ಕಂದೀಲು, ಹಣ್ಣು, ಬದನೆಕಾಯಿಗಳ ಚಿತ್ರದಲ್ಲಿ. ಮನುಷ್ಯರಿಗೆ ಕುಳಿತಲ್ಲಿ ಕುಳಿತಿರಲು ಬರುವುದಿಲ್ಲ, ಬದನೆಕಾಯಿಗೆ ಬರುತ್ತದೆ ಎಂಬುದು ಅವನ ಅನುಭವ. ಹುಡುಗನಾಗಿದ್ದಾಗ ಹತ್ತಿದ ಈ ಹುಚ್ಚು ಗಡ್ಡ ಬೆಳ್ಳಗಾದರೂ ಇಳಿದಿರಲಿಲ್ಲ. ಆದರೆ ಅವನ ಒಂದು ಚಿತ್ರವೂ ನಾಲ್ಕು ಜನ ನೋಡುವ ಗೋಡೆ ಏರಿರಲಿಲ್ಲ. ಈ ಸಲ ಕಿತ್ತೂರಿನ ಚಿತ್ರಪ್ರದರ್ಶನದಲ್ಲಿ ಅವನಿಗೊಂದು ಜಾಗ ಸಿಕ್ಕಿತ್ತು. ಅಲ್ಲಿನ ಡ್ರಾಯಿಂಗ್ ಮಾಸ್ತರ ಕಲ್ಮೇಶ ಸಂಜೆ ಜೀಪು ತಂದು ಚಿತ್ರ ಒಯ್ಯುವವನಿದ್ದ. ಮೇಜು, ಹಿತ್ತಾಳೆ ತಂಬಿಗೆ, ಕಿಟಕಿಯ ಬೆಳಕು ಎಲ್ಲ ಬರೆದು ಒಣಗಿತ್ತು. ಹಣ್ಣು ತಾಜಾ ಇರಲೆಂದು ತಟ್ಟೆಯ ಜಾಗವನ್ನಷ್ಟೇ ಕಡೆಯ ದಿನಕ್ಕೆ ಬಿಟ್ಟಿದ್ದ.

ತಟ್ಟೆಯಲ್ಲಿ ಹಣ್ಣು ಜೋಡಿಸಿ ಕುಂಚ ಎತ್ತುವಷ್ಟರಲ್ಲಿ ಪಕ್ಕದ ಮನೆಯ ಸಿದ್ದಲಿಂಗವ್ವ ಒಳಗೇ ಬಂದಳು. ಅವನಿಗೆ ಅಕ್ಕನ ವಯಸ್ಸು, ಓಣಿಗೆಲ್ಲ ಅಜ್ಜಿಯ ದರ್ಬಾರು.

"ಏ ತಮ್ಮಾ ರಹಿಮಾನ, ಯಾವಾಗಿಂದ ಆರಾಮಿಲ್ಲೋ? ಬಾಜೂಕ ಇದ್ದವರಿಗೆ ಒಂದ ಮಾತ ಹೇಳಬಾರ್ದ?"

"ನನಗ ಏನೂ ಆಗಿಲ್ಲ ಅಕ್ಕಾ. ಚಿತ್ರ ತಗ್ಯಾಕತ್ತೇನಿ."

"ಕಣ್ಣ ನೋಡಿದ್ರ ಕೆಂಪ ಕೆಂಡ. ಮನೀ ತುಂಬ ದವಾಖಾನಿ ವಾಸನಿ. ಏನೂ ಆಗಿಲ್ಲಂತ!"

ಕಣ್ಣು ಕೆಂಪಾದದ್ದೂ ವಾಸನೆ ಬಂದದ್ದೂ ಬಣ್ಣ ತೆಳು ಮಾಡುವ ಟರ್ಪೆಂಟೈನಿನಿಂದ ಎಂದು ಅವನು ಹೇಳುವುದರೊಳಗೆ ಸಿದ್ದಲಿಂಗವ್ವ ತಟ್ಟೆಯಿಂದ ದೊಡ್ಡ ಕಿತ್ತಳೆ ಎತ್ತಿ, ಸುಲಿದು, ತೊಳೆಯೊಂದನ್ನು ಅವನ ಬಾಯಿಗೇ ಇಟ್ಟಳು. ಅಕ್ಕನ ಸಮಾನಳು ಬಾಯಿಗಿಟ್ಟದ್ದನ್ನು ಉಗುಳುವುದು ಹೇಗೆ? ತನ್ನ ಚಿತ್ರವನ್ನು ತಾನೇ ಅಗಿದು ನುಂಗಿದ.

ಸುದ್ದಿಗೆ ಕಾಲು ಬಂತು. ಒಬ್ಬಳು ಗಂಜಿ ತಂದಳು. "ಹಣ್ಣ ಮನ್ಯಾಗ ಅದಾವಂತ, ಅದಕ್ಕ ಗಂಜಿ ತಂದೇನಿ" ಎಂದಳು. ಇನ್ನೊಬ್ಬ ತಾಯಿತ ಕಟ್ಟಿದ. ಬಂದವರೆಲ್ಲ ತಟ್ಟೆಗೆ ಕೈಹಾಕಿ ಅವನಿಗೊಂದು ಹೋಳು ತಿನ್ನಿಸಿ, ರೋಗಿಗೆ ಸಂಕೋಚ ಆಗಬಾರದೆಂದು ತಾವೂ ಒಂದು ತಿಂದರು.

ಕಡೆಯ ಸೇಬನ್ನು ಮುಗಿಸಿದವನು ಎಸ್‌ಟಿಡಿ ಬೂತಿನ ಮಡಿವಾಳೆಪ್ಪ. "ಸಾಬ್ರ, ನೀವ್ ಯಾವ ಚಿಂತೀನೂ ಮಾಡಬ್ಯಾಡ್ರಿ. ಮಲಕೊಳ್ರಿ. ಹೇಳೋರಿಗೆಲ್ಲ ನಾ ಫೋನ್ ಹಚ್ಚತೇನಿ" ಎಂದು ಬಾಯಿ ಒರೆಸಿಕೊಂಡು ಹೊರಟ. ಯಾರಿಗೆ ಎಂದು ಕೇಳಲು ರಹಿಮಾನಸಾಬನ ಬಾಯಲ್ಲಿ ಜಾಗವಿರಲಿಲ್ಲ.

ಅವನು ಎದ್ದು ಬಾಗಿಲು ಹಾಕಲು ಹೋದ. ಸಿದ್ದಲಿಂಗವ್ವ ಕೈ ಹಿಡಿದಳು. "ಜಡ್ಡ ಇದ್ದ ಮನಿ ಬಾಗಲ ಹಾಕಬಾರ್ದೋ ತಮ್ಮಾ. ಹಾಕೂದು ಎಲ್ಲಾ ಮುಗದ ಮ್ಯಾಲ."

ಮಧ್ಯಾಹ್ನಕ್ಕೆ ತಟ್ಟೆಯಲ್ಲಿ ಸಿಪ್ಪೆಯಷ್ಟೇ ಉಳಿಯಿತು. ರಹಿಮಾನಸಾಬನಿಗೆ ಅಳುವೇ ಬಂತು. ಜನ್ಮದಲ್ಲಿ ಒಮ್ಮೆ ಸಿಕ್ಕ ಗೋಡೆ ಹೀಗೆ ಹೊಟ್ಟೆಗೆ ಹೋಯಿತಲ್ಲ! ತಲೆ ಮೇಲೆ ಕೈಹೊತ್ತು ಕುಳಿತವನು ಒಮ್ಮೆ ಕಣ್ಣೆತ್ತಿ ನೋಡಿದ. ಕಿಟಕಿಯ ಬಿಸಿಲು ಸಿಪ್ಪೆಯ ಸುರುಳಿಯ ಮೇಲೆ ಬಿದ್ದಿತ್ತು. ದಾಳಿಂಬೆಯ ಒಡೆದ ತೊಗಟೆಯಲ್ಲಿ ನಾಲ್ಕು ಕಾಳು ಮಿನುಗುತ್ತಿದ್ದವು. ಸೇಬಿನ ದಿಂಡಿನ ಮೇಲೆ ಮಡಿವಾಳೆಪ್ಪನ ಹಲ್ಲಿನ ಗುರುತು ಅಚ್ಚೊತ್ತಿದಂತಿತ್ತು. ರಹಿಮಾನಸಾಬ ಕುಂಚ ಎತ್ತಿದ. ಆಮೇಲೆ ಬಂದವರು ಏನು ಮಾತಾಡಿದರು, ಯಾವಾಗ ಎದ್ದು ಹೋದರು, ಅವನಿಗೆ ತಿಳಿಯಲಿಲ್ಲ.

ಸೂರ್ಯ ಇನ್ನೂ ಕಿಟಕಿಯಲ್ಲಿರುವಾಗಲೇ ಕಲ್ಮೇಶ ಬಂದ. ಚಿತ್ರದ ಮುಂದೆ ಬಹಳ ಹೊತ್ತು ನಿಂತ.

"ಕಾಕಾ, ಹಣ್ಣಿನ ಚಿತ್ರ ಭಾಳ ನೋಡೇನಿ. ತಿಂದವರೆಲ್ಲಾ ಕಾಣೂ ಚಿತ್ರ ಇದ ಮೊದಲ."

ರಹಿಮಾನಸಾಬ ಚಿತ್ರವನ್ನು ಕೈಗೆತ್ತಿಕೊಂಡ. "ನಡಿ ಹಂಗಾರ. ಇನ್ನ ಹಸಿ ಐತಿ, ಜೀಪಿನ್ಯಾಗ ತೊಡಿ ಮ್ಯಾಲ ಹಿಡಕೊಂಡ ಬರತೇನಿ."

ಕಲ್ಮೇಶ ತಲೆ ತಗ್ಗಿಸಿದ. "ಮಧ್ಯಾಹ್ನ ಮಡಿವಾಳೆಪ್ಪಾರ ಫೋನ್ ಬಂದಿತ್ರಿ. ನಿಮಗ ಏಳಾಕೂ ಆಗವಲ್ದು, ಚಿತ್ರ-ಗಿತ್ರ ಅಂತ ತ್ರಾಸ ಕೊಡಬ್ಯಾಡ್ರಿ ಅಂದ್ರು. ನಿಮ್ಮ ಜಾಗಾ ದೇಗಾಂವದವರೊಬ್ಬರಿಗೆ ಕೊಟ್ಟಬಿಟ್ವಿ. ಅವರದು ಗೋಡೀಗೆ ಹಾಕಿಯೂ ಆತು. ಬರೂ ವರ್ಷ ಮೊದಲನೇ ಜಾಗಾ ನಿಮ್ದರಿ. ಮಾತ ಕೊಡತೇನಿ."

ಆಮೇಲೆ ಜೀಪಿನಿಂದ ದೊಡ್ಡದೊಂದು ಬುಟ್ಟಿ ಇಳಿಸಿದ. "ನೀವ ಲಗೂ ಆರಾಮ ಆಗ್ಲಿ ಅಂತ ಎಲ್ಲಾರೂ ಕೂಡಿ ಕಳಸ್ಯಾರ."

ಬುಟ್ಟಿಯ ತುಂಬ ಹಣ್ಣು! ಕರಿದ್ರಾಕ್ಷಿ, ದಾಳಿಂಬೆ, ಪಪ್ಪಾಯಿ. ಇಷ್ಟು ಚೆಂದದ ಹಣ್ಣನ್ನು ರಹಿಮಾನಸಾಬ ಕಂಡೇ ಇರಲಿಲ್ಲ.

ಜೀಪು ಹೋದ ಮೇಲೆ, ಮುಂಜಾನೆಯಿಂದ ಬಂದವರಿಗೆಲ್ಲ ಒಳಗೆ ಚಹಾ ಕಾಸುತ್ತಿದ್ದ ಹೆಂಡತಿ ಮೆಹರುನಬಿ ಬುಟ್ಟಿ ಎತ್ತಿಕೊಂಡಳು. ಮದುವೆಯಾದ ದಿನದಿಂದ ಬಣ್ಣದ ವಾಸನೆಗೆ ಮೂಗು ಮುಚ್ಚಿಕೊಂಡೇ ಬಾಳಿದವಳು ಅವಳು. ಅಡುಗೆಮನೆಗೆ ಹೋಗಲಿಲ್ಲ, ಬುಟ್ಟಿಯನ್ನು ಕಿಟಕಿಯ ಬಳಿ ಇಟ್ಟು ದಾಳಿಂಬೆಯನ್ನು ಬೆಳಕಿಗೆ ತಿರುಗಿಸಿದಳು.

"ಹಿಂಗ ಇಡ್ಲೇನ್ರಿ? ಬರೂ ವರ್ಷದ್ದು ಇವತ್ತ ಸುರು ಮಾಡ್ರಿ."

ಅವನು ಬೆರಗಾಗಿ ನೋಡುತ್ತಿದ್ದಂತೆ ಅವಳೇ ಹೋಗಿ ಬಾಗಿಲು ಹಾಕಿ ಅಗಳಿ ಜಡಿದಳು.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸಪ್ಪಳ. ಮೆಹರುನಬಿ ತುಟಿಯ ಮೇಲೆ ಬೆರಳಿಟ್ಟಳು. ಮತ್ತೆ ಬಡಿತ. ಇದ್ದಕ್ಕಿದ್ದಂತೆ ಹೊರಗೆ ಸಿದ್ದಲಿಂಗವ್ವನ ದನಿ ಏಳು ಓಣಿಗೆ ಕೇಳುವಂತೆ ಎದ್ದಿತು.

"ಬಾಗಲ ಹಾಕಿಬಿಟ್ರಲ್ಲೋ! ಅಯ್ಯೋ ನನ್ನ ತಮ್ಮಾ! ಮುಂಜಾನಿ ನನ್ನ ಕೈಯಾಗ ಸಂತ್ರಿ ಹಣ್ಣ ತಿಂದಿದ್ದೆಲ್ಲೋ!"

ಹಿಂದೆಯೇ ಮಡಿವಾಳೆಪ್ಪ: "ಅಳಬ್ಯಾಡ್ರಿ, ಅಳಬ್ಯಾಡ್ರಿ! ನಾ ಮೊದಲ ಕಿತ್ತೂರಿಗೆ ಫೋನ್ ಹಚ್ಚತೇನಿ!"

"ಹೋತ್ರಿ, ಬರೂ ವರ್ಷದ ಜಾಗಾನೂ ಹೋತು!" ಎಂದು ಮೆಹರುನಬಿ ಅಗಳಿ ತೆಗೆಯಲು ಓಡಿದಳು.

ರಹಿಮಾನಸಾಬ ಕುಂಚವನ್ನು ಬಣ್ಣಕ್ಕೆ ಅದ್ದುತ್ತ ಅವಳ ಸೆರಗು ಹಿಡಿದ.

"ತಡಿ, ಇನ್ನೊಂದೀಟು ತಡಿ. ಈಗ ಹೂವ ತರತಾರ. ಹೂವಿನ ಚಿತ್ರ ನಾ ಒಂದೂ ತಗದಿಲ್ಲ."