ಎದುರು ಮನೆಯ ತಾಮ್ರದ ಟೆಲಿಫೋನು

ಬರುವ ಭಾನುವಾರದ ಊಟದ ಹೊತ್ತಿಗೆ ಫಿರ್ಮಿನ್‌ನ ಟೆಲಿಫೋನು ನನ್ನ ಟೆಲಿಫೋನಿನ ಮುಂದೆ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಯಂತೆ ಕಾಣಬೇಕು. ಕಾಣದಿದ್ದರೆ ನನ್ನ ಹೆಸರು ಗೋಮಾರ್ ಅಲ್ಲ! ಕನ್ನಡಿಯ ಮುಂದೆ ನಿಂತು, ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡು, ನಾನು ಹೀಗೊಂದು ಘೋರ ಪ್ರತಿಜ್ಞೆ ಮಾಡಿದೆ. ಉಳಿದರ್ಧ ಗಡ್ಡ ಹೆರೆಯುವುದು ಆ ಆವೇಶದಲ್ಲಿ ಮರೆತೇಹೋಯಿತು.

ಫಿರ್ಮಿನ್ ನಮ್ಮ ಎದುರು ಮನೆಯವನು. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದಾನೆ. ತಲೆ ತುಂಬ ಬೆಳ್ಳಿ ಕೂದಲು, ಗರಿಗರಿ ಇಸ್ತ್ರಿಯ ಅಂಗಿ, ಯಾರನ್ನು ಕಂಡರೂ ಒಂದು ಮೃದುವಾದ ನಗು. ಇಂಥವನು ಎದುರಿಗಿದ್ದರೆ ಯಾವ ಗಂಡಸಿಗೆ ನೆಮ್ಮದಿ? ಅದು ಸಾಲದೆಂದು ಅವನ ಬೀದಿಕಿಟಕಿಯಲ್ಲಿ ಒಂದು ದಿನ ಹಳೆಯ ಟೆಲಿಫೋನು ಬಂದು ಕೂತಿತು. ನಮ್ಮ ಲೀರ್ ಊರಿನ ಮನೆಮನೆಯಲ್ಲೂ ಒಂದಾನೊಂದು ಕಾಲದಲ್ಲಿ ಇದ್ದ ಅದೇ ಕರಿ ಫೋನು. ಆದರೆ ಕರಿ ಬಣ್ಣವನ್ನೆಲ್ಲ ಕಿತ್ತುಹಾಕಿ, ಅಡಿಯ ತಾಮ್ರವನ್ನು ಉಜ್ಜಿ, ತಿಕ್ಕಿ, ಬೆಳಗಿ, ಬರಿಯ ಲೋಹವೇ ಥಳಥಳ ಹೊಳೆಯುವಂತೆ ಮಾಡಿದ್ದ! ಸೈಕಲ್ಲಿನವರು ಇಳಿದು ನೋಡುತ್ತಿದ್ದರು. ಬೇಕರಿಯವಳು ಬ್ರೆಡ್ಡು ಕೊಡುವುದನ್ನು ಬಿಟ್ಟು ಅದರ ವರ್ಣನೆ ಕೊಡುತ್ತಿದ್ದಳು.

ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ನನ್ನ ಹೆಂಡತಿ ಗೋದೆಲೀವ್ ಬೆಳಗಿನ ಕಾಫಿ ಹಿಡಿದು ನಮ್ಮ ಕಿಟಕಿಗೆ ಬಂದು, ಆ ಫೋನನ್ನೇ ನೋಡುತ್ತ ತನ್ನಷ್ಟಕ್ಕೆ ಮುಗುಳ್ನಗುತ್ತಿದ್ದಳಲ್ಲ, ಅದನ್ನು ಹೇಗೆ ಸಹಿಸಲಿ? ನನ್ನನ್ನು ನೋಡಿ ಅವಳು ಹಾಗೆ ನಕ್ಕು ಯಾವ ಕಾಲವಾಯಿತೋ!

“ಎಷ್ಟು ಚೆನ್ನಾಗಿದೆ ಅಲ್ವಾ?” ಅಂದಳು.

“ಏನು, ಇವತ್ತಿನ ಹವೆಯಾ?”

“ಫೋನು ಕಣೋ!”

“ಓ, ಅದಾ! ಉಜ್ಜಿದವನಿಗೆ ಕೈಚಳಕವೇ ಇಲ್ಲ ಬಿಡು. ಮೂಲೆಮೂಲೇಲಿ ಕಿಲುಬು ಹಾಗೇ ಕೂತಿದೆ.”

ಗೋದೆಲೀವ್ ಕಾಫಿಯನ್ನು ಕುಕ್ಕಿದಳು. “ಎಲ್ಲಿದೆ ಕಿಲುಬು? ಕನ್ನಡಕ ಹಾಕ್ಕೊಂಡು ತೋರಿಸು! ಒಂದು ಚುಕ್ಕೆ ತೋರಿಸು ನೋಡೋಣ!”

ಎದುರು ಮನೆಯವನ ಫೋನಿಗಾಗಿ ಈ ಪರಿ ಸಿಟ್ಟೇ! ವಸಂತದಿಂದೀಚೆಗೆ ಅವಳು ಮಧ್ಯಾಹ್ನದ ಹೊತ್ತು ರಸ್ತೆ ದಾಟಿ ಅವನ ಮನೆಗೆ ಕಾಫಿಗೆ ಹೋಗುತ್ತಿದ್ದದ್ದೂ ನೆನಪಾಯಿತು. “ಒಬ್ಬನೇ ಇದಾನೆ, ಪಾಪ” ಎನ್ನುತ್ತಿದ್ದಳು. ನಿಮ್ಮಲ್ಲಿ ಮುಚ್ಚುಮರೆ ಏಕೆ? ನನಗೆ ಹೊಟ್ಟೆಕಿಚ್ಚು. ಸಣ್ಣಪುಟ್ಟದ್ದಲ್ಲ, ಅದರ ಮೇಲೆ ಒಂದು ಹಂಡೆ ನೀರು ಕಾಯಿಸಬಹುದಿತ್ತು! ಗೋದೆಲೀವ್‌ಳ ಆ ನಗು ನನಗೆ ಬೇಕಿತ್ತು. ಅವಳು ನನ್ನ ಕೆಲಸವನ್ನು ನೋಡಿ ಒಮ್ಮೆ ಹಾಗೆ ನಗಬೇಕಿತ್ತು, ಅಷ್ಟೆ.

ನಾನು ಜೀವಮಾನವೆಲ್ಲ ಕಾರ್ಖಾನೆಯಲ್ಲಿ ಲೇತ್ ತಿರುಗಿಸಿದವನು. ಲೋಹ ನನ್ನನ್ನು ಕಂಡರೆ ಎದ್ದು ನಿಲ್ಲಬೇಕು! ನಮ್ಮ ನಡುಮನೆಯ ಹಲಗೆಯ ಮೇಲೆ ನನ್ನ ಅತ್ತೆಯ ಕಾಲದ ಕರಿ ಫೋನು ಧೂಳು ತಿನ್ನುತ್ತ ಕೂತಿತ್ತು. ಅದನ್ನು ಎತ್ತಿಕೊಂಡು ಹೋಗಿ, ಗಂಟೆ, ತಂತಿ, ತಿರುಗುವ ಬಿಲ್ಲೆ ಎಲ್ಲವನ್ನೂ ಬಿಚ್ಚಿ, ಬರೀ ಕವಚ ಉಳಿಸಿಕೊಂಡೆ. ಬಣ್ಣ ತೆಗೆಯುವ ಮುಲಾಮು ಬಳಿದೆ. ಇಡೀ ವಾರ ಕೆರೆದೆ. ಶನಿವಾರದ ಹೊತ್ತಿಗೆ ಅದು ಕಜ್ಜಿ ಹಿಡಿದ ನಾಯಿಯಂತಾಯಿತೇ ಹೊರತು ತಾಮ್ರದ ಮುಖ ಕಾಣಲಿಲ್ಲ.

ಭಾನುವಾರ ಬಂದೇಬಿಟ್ಟಿತು. ಗೋದೆಲೀವ್ ಚರ್ಚಿಗೆ ಹೊರಟಳು. ಮಧ್ಯಾಹ್ನಕ್ಕೆ ಚಿಪ್ಪುಮೀನಿನ ಊಟ. ಈರುಳ್ಳಿ ಜಾತಿಯ ಲೀಕ್ಸ್, ಸೆಲರಿ ಸೊಪ್ಪು ಎಲ್ಲ ಹೆಚ್ಚಿಟ್ಟಿದ್ದಳು. ಚಿಪ್ಪುಮೀನು ಬಕೆಟ್ಟಿನಲ್ಲಿ ನೀರು ಕುಡಿಯುತ್ತ ಕೂತಿತ್ತು.

“ಒಂದು ಗಂಟೆಗೆ ಫಿರ್ಮಿನ್ ಬರ್ತಾನೆ,” ಅಂದಳು.

“ಅವನ್ಯಾಕೆ?”

“ಊಟಕ್ಕೆ. ಮತ್ಯಾಕೆ ಬರ್ತಾರೆ?”

ಅವಳು ಬಾಗಿಲು ದಾಟಿದಳೋ ಇಲ್ಲವೋ, ನನ್ನ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ಬಟ್ಟೆ ಒಗೆಯುವ ಸೋಡಾ ಹಾಕಿ ಕುದಿಸಿದರೆ ಎಂಥ ಬಣ್ಣವೂ ಬಿಡುತ್ತದೆ! ಆದರೆ ಕವಚ ಹಿಡಿಸುವ ಪಾತ್ರೆ ಮನೆಯಲ್ಲಿ ಇದ್ದದ್ದು ಒಂದೇ: ಚಿಪ್ಪುಮೀನು ಬೇಯಿಸುವ ಅಲ್ಯುಮಿನಿಯಂ ಪಾತ್ರೆ. ಅವಳು ಬರುವುದರೊಳಗೆ ತೊಳೆದಿಟ್ಟರಾಯಿತು, ಯಾರಿಗೆ ತಿಳಿಯುತ್ತದೆ?

ಕುದಿಯಿತು ನೋಡಿ! ಬಣ್ಣ ಹಪ್ಪಳ ಹಪ್ಪಳವಾಗಿ ಎದ್ದು ತೇಲಿತು. ಇಕ್ಕಳದಿಂದ ಎತ್ತಿದರೆ, ಆಹಾ, ಕೆಂಪಗೆ ನಾಚಿಕೊಂಡ ತಾಮ್ರ! ಪಾತ್ರೆಯೊಳಗೆ ಇಣುಕಿದೆ. ಅದು ಮಾತ್ರ ಒಳಗೆಲ್ಲ ಮಸಿಗಪ್ಪಾಗಿತ್ತು. ಉಜ್ಜಿದೆ. ಇನ್ನೂ ಕಪ್ಪಾಯಿತು. ಮುಚ್ಚಳ ಮುಚ್ಚಿದೆ. ಕಣ್ಣಿಗೆ ಕಾಣದ್ದು ಇಲ್ಲವೆಂದೇ ಲೆಕ್ಕ.

ಇನ್ನು ಹೊಳಪು. ಷೆಡ್ಡಿಗೆ ಹೋಗುವಷ್ಟು ತಾಳ್ಮೆ ಯಾರಿಗಿದೆ? ಡ್ರಿಲ್ಲಿಗೆ ಬಟ್ಟೆಯ ಚಕ್ರ ಸಿಕ್ಕಿಸಿ, ಪಾಲಿಶ್ ಮೆತ್ತಿ, ಅಡುಗೆಮನೆಯಲ್ಲೇ ಗುಂಡಿ ಒತ್ತಿದೆ. ಚಕ್ರ ಮೊದಲು ಪಾಲಿಶನ್ನೆಲ್ಲ ಕಿಟಕಿಯ ಲೇಸಿನ ಪರದೆಗೆ ಎರಚಿತು. ಆಮೇಲೆ ಹೆಚ್ಚಿಟ್ಟ ಲೀಕ್ಸಿಗೆ ಒಗ್ಗರಣೆ ಹಾಕಿತು. ಕೊನೆಗೆ ಕವಚದ ಅಂಚನ್ನು ಗಬಕ್ಕನೆ ಕಚ್ಚಿ, ನನ್ನ ಕೈಯಿಂದ ಕಿತ್ತು, ಗಾಳಿಯಲ್ಲಿ ಹಾರಿಸಿತು. ಅತ್ತೆಯ ಫೋನು ತೊಲೆಯ ಹತ್ತಿರ ಒಂದು ಸುತ್ತು ಹಾಕಿ ಚಿಪ್ಪುಮೀನಿನ ಬಕೆಟ್ಟಿಗೆ ದಬಾರನೆ ಬಿತ್ತು!

ಸರಿಯಾಗಿ ಆಗಲೇ ಬಾಗಿಲು ತೆರೆಯಿತು. ಗೋದೆಲೀವ್, ಅವಳ ಹಿಂದೆ ವೈನು ಬಾಟಲಿ ಹಿಡಿದ ಫಿರ್ಮಿನ್. ಚರ್ಚಿನಿಂದ ಇಬ್ಬರೂ ಜೊತೆಯಾಗಿ ಬಂದಿದ್ದರು. ಜೊತೆಯಾಗಿ!

ಅವಳು ಪರದೆ ನೋಡಿದಳು, ಲೀಕ್ಸು ನೋಡಿದಳು. ಮೆಲ್ಲಗೆ ಮುಚ್ಚಳ ತೆಗೆದಳು.

“ಏನಿದು? ಕಾಗೆ ಬೇಯಿಸಿದ್ಯಾ?”

“ಅದು... ಸ್ವಲ್ಪ ಸೋಡಾ...”

“ಫಿರ್ಮಿನ್, ನಿನ್ನ ಮನೇಲಿ ದೊಡ್ಡ ಪಾತ್ರೆ ಇದೆಯಾ?”

“ಇದೆ ಗೋದೆಲೀವ್. ಒಲೇನೂ ಖಾಲಿ ಇದೆ.”

ಒಲೆಯೂ ಖಾಲಿಯಂತೆ! ಗೋದೆಲೀವ್ ಬಕೆಟ್ಟಿನಿಂದ ಕವಚ ತೆಗೆದು ನನ್ನ ಕೈಗಿತ್ತಳು. “ಇದನ್ನ ಮುಗಿಸಿ ಬಾ. ಬರದಿದ್ರೂ ಏನೂ ತೊಂದರೆ ಇಲ್ಲ.” ಬಕೆಟ್ಟಿನ ಹಿಡಿಕೆಗೆ ಅವಳ ಒಂದು ಕೈ, ಅವನ ಒಂದು ಕೈ. ನನ್ನ ಊಟವೂ ನನ್ನ ಹೆಂಡತಿಯೂ ಒಟ್ಟಿಗೆ ರಸ್ತೆ ದಾಟಿದರು. ಕಳಿಸಿಕೊಟ್ಟವನು ನಾನೇ!

ನಾನು ಪಾಲಿಶ್ ಬಳಿದ ಪರದೆಯ ಸಂದಿಯಿಂದ ನೋಡುತ್ತ ಕೂತೆ. ಎದುರು ಕಿಟಕಿಯಲ್ಲಿ ಆ ದರಿದ್ರ ಫೋನು ಮಿನುಗುತ್ತಿತ್ತು. ಅದರ ಹಿಂದೆ ಗೋದೆಲೀವ್ ನಗುತ್ತಿದ್ದಳು. ಡ್ರಿಲ್ಲು ಬೇಡವಾಯಿತು, ಹೊಟ್ಟೆಯ ಉರಿಯೇ ಕೈಯನ್ನು ತಿರುಗಿಸಿತು. ಅವಳು ಒಮ್ಮೆ ನಕ್ಕರೆ ನಾನು ಹತ್ತು ಸಲ ಉಜ್ಜುತ್ತಿದ್ದೆ. ನಿಜ ಹೇಳಬೇಕೆಂದರೆ, ಅವರು ಅಷ್ಟು ನಗದಿದ್ದರೆ ನನ್ನ ತಾಮ್ರ ಅಷ್ಟು ಹೊಳೆಯುತ್ತಲೇ ಇರಲಿಲ್ಲ.

ಕವಚ ಕನ್ನಡಿಯಾಯಿತು. ಅವಸರದಲ್ಲಿ ಎಲ್ಲವನ್ನೂ ಮರಳಿ ತುರುಕಿ ತಿರುಪು ಬಿಗಿದೆ. ಗಂಟೆಯೂ ಒಂದು ಹಿಡಿ ಬಿಡಿಭಾಗಗಳೂ ಮೇಜಿನ ಮೇಲೆ ಉಳಿದವು. ಇರಲಿ, ನಾನು ಯಾರಿಗೂ ಫೋನು ಮಾಡಬೇಕಾಗಿರಲಿಲ್ಲ, ತೋರಿಸಬೇಕಾಗಿತ್ತು! ಸೋಫಾದ ದಿಂಬಿನ ಮೇಲೆ ಅದನ್ನಿಟ್ಟು, ಮೆರವಣಿಗೆಯ ದೇವರಂತೆ ಎರಡೂ ಕೈಯಲ್ಲಿ ಹೊತ್ತು, ಮಸಿ ಮುಖದಲ್ಲೇ ರಸ್ತೆ ದಾಟಿದೆ.

ಇಬ್ಬರೂ ಉಣ್ಣುತ್ತಿದ್ದರು. ಗೋದೆಲೀವ್ ಖಾಲಿ ಚಿಪ್ಪೊಂದನ್ನು ಚಿಮಟಿಗೆಯಂತೆ ಹಿಡಿದು ಮೀನು ಎಳೆಯುತ್ತಿದ್ದಳು. ನಾನು ಸೀದಾ ಹೋಗಿ ನನ್ನ ಫೋನನ್ನು ಅವನ ಫೋನಿನ ಪಕ್ಕದಲ್ಲಿ ಕುಕ್ಕಿದೆ.

“ಈಗ ಹೇಳು ಗೋದೆಲೀವ್! ಯಾವುದು ಹೆಚ್ಚು? ಇವನು ಉಜ್ಜಿದ್ದಾ, ನಾನು ಉಜ್ಜಿದ್ದಾ?”

ಫಿರ್ಮಿನ್ ಕೆಮ್ಮಿದ. “ನಾನು ಉಜ್ಜಿದ್ದಲ್ಲ ಮಾರಾಯ. ಈ ಬೆರಳು ನೋಡು, ಪೂರ್ತಿ ಸಂಧಿವಾತ. ಚಮಚ ಹಿಡಿಯೋದೇ ಕಷ್ಟ.”

“ಮತ್ತೆ ಯಾರು ಉಜ್ಜಿದ್ದು?”

ಅವನು ಗೋದೆಲೀವ್‌ಳ ಕಡೆ ನೋಡಿದ. ಅವಳು ಇನ್ನೊಂದು ಚಿಪ್ಪಿಗೆ ಕೈಹಾಕಿದಳು.

“ನೀನಾ?”

“ಹೂಂ, ನಾನೇ. ವಿನೆಗರು, ಉಪ್ಪು, ಹಿಟ್ಟು, ನಿನ್ನ ಹಳೇ ಬನಿಯನ್ನು. ಪ್ರತಿ ಮೆರವಣಿಗೆಗೂ ಚರ್ಚಿನ ಹಿತ್ತಾಳೆ ದೀಪಗಳನ್ನ ಯಾರು ಬೆಳಗ್ತಾರೆ ಅಂದ್ಕೊಂಡಿದ್ದೆ? ದೇವದೂತರಾ?”

“ಮನೇಲಿ ನಮ್ಮದೇ ಒಂದು ಇತ್ತಲ್ಲೇ!”

“ಕೇಳಿದ್ನಲ್ಲ! ‘ಲೇತ್ ಹಿಡಿದ ಕೈ ಮಾಡೋ ಕೆಲಸ, ನೀನು ಮುಟ್ಟಬೇಡ’ ಅಂತ ನೀನೇ ಅಂದೆ. ಅವನ ಫೋನು ಉಜ್ಜಲಾ ಅಂತ ಫಿರ್ಮಿನ್‌ನ ಕೇಳಿದೆ, ಅವನು ಮೇಜಿಗೆ ಪೇಪರು ಹಾಸಿ ಕಾಫಿ ಮಾಡಿಕೊಟ್ಟ.”

ಇಷ್ಟು ದಿನ ಅವಳು ಕಿಟಕಿಯಲ್ಲಿ ನೋಡಿ ನಕ್ಕದ್ದು ತನ್ನದೇ ಕೈಕೆಲಸವನ್ನು! ಆ ಕೈಗೆ ಚಳಕವೇ ಇಲ್ಲವೆಂದು ಹೇಳಿದವನು ನಾನು. ಆದರೂ ಮೀಸೆಗೆ ಮಣ್ಣು ಹತ್ತಬಾರದಲ್ಲ! ಎದೆಯುಬ್ಬಿಸಿ ಕೇಳಿದೆ: “ಹೇಳಿದ್ದಿದ್ರೆ ನಾನು ಹೆಮ್ಮೆ ಪಡ್ತಿರ್ಲಿಲ್ವಾ? ಊರೆಲ್ಲ ಇವನನ್ನ ಹೊಗಳ್ತಿದ್ರೂ ಯಾಕೆ ಸುಮ್ಮನಿದ್ದೆ?”

ಗೋದೆಲೀವ್ ನನ್ನ ಮುಂದೆ ಒಂದು ತಟ್ಟೆ ಸರಿಸಿದಳು.

ಫಿರ್ಮಿನ್ ಸಂಕೋಚದಿಂದ ಕರವಸ್ತ್ರ ಮಡಿಸಿದ. “ನಾನೂ ಅದನ್ನೇ ಕೇಳಿದೆ ಗೋಮಾರ್. ‘ನಾನು ಮಾಡಿದ್ದು ಅಂತ ಗೊತ್ತಾದ್ರೆ ಅವನಿಗೆ ಹೊಟ್ಟೆಕಿಚ್ಚಾಗತ್ತೆ. ನೀನು ಮಾಡಿದ್ದು ಅಂದ್ಕೊಂಡು ನಿನ್ನ ಮೇಲೆ ಉರ್ಕೊಳ್ಳಲಿ ಬಿಡು. ನೀನಾದ್ರೆ ರಸ್ತೆ ಆಚೆ ಇರ್ತೀಯ, ನಾನು ಒಂದೇ ಮನೇಲಿ ಇರಬೇಕಲ್ಲ!’ ಅಂದ್ಳು.”