ಒಲೆಗೆ ಹಿಡಿದು ಓದತಕ್ಕದ್ದು

ನಮ್ಮ ಅಕ್ಕೂರಿನಲ್ಲಿ ಅತಿ ಹೆಚ್ಚು ಬರೆದವರು ಯಾರು ಎಂದು ಯಾರಾದರೂ ಕೇಳಿದರೆ ನಾನು ಎದೆ ತಟ್ಟಿ ಹೇಳುತ್ತೇನೆ: ನನ್ನ ಸೋದರಮಾವ! ಪುರಾವೆ ಕೇಳಿದರೆ ಮಾತ್ರ ಸ್ವಲ್ಪ ಕಷ್ಟ. ಅವರು ಬರೆದ ಕಾಗದಗಳನ್ನು ಬೇಕಾದರೆ ಗುಡ್ಡೆ ಹಾಕಿ ತೋರಿಸುತ್ತೇನೆ. ಅದರಲ್ಲಿ ಒಂದಕ್ಷರವೂ ನಿಮಗೆ ಕಾಣುವುದಿಲ್ಲ.

ಏಕೆಂದರೆ ಮಾವ ಬರೆಯುವುದು ನಿಂಬೆರಸದಲ್ಲಿ.

ಇದು ಅವರಿಗೆ ಯಾವ ಗುರುವೂ ಹೇಳಿಕೊಟ್ಟ ವಿದ್ಯೆಯಲ್ಲ. ಅವರದು ರೇಷ್ಮೆ ಮನೆ. ಚಳಿ ಜಾಸ್ತಿಯಾದರೆ ಹುಳ ಸೊಪ್ಪು ತಿನ್ನುವುದಿಲ್ಲವೆಂದು ಹುಳದ ಮನೆಯೊಳಗೆ ಬಾಣಲೆಯಲ್ಲಿ ಕೆಂಡ ಇಡುತ್ತಾರೆ. ಒಂದು ದಿನ ಅದರ ಪಕ್ಕದಲ್ಲೇ ಕೂತು ಉಪ್ಪುಸಾರು ಮುದ್ದೆಗೆ ನಿಂಬೆಹಣ್ಣು ಹಿಂಡಿಕೊಂಡರಂತೆ. ನಾಲ್ಕು ಹನಿ ಕೆಳಗಿದ್ದ ಕಾಗದಕ್ಕೆ ಬಿತ್ತು, ಒಣಗಿತು, ಮಾಯವಾಯಿತು. ಆಮೇಲೆ ಕೆಂಡದ ಬಿಸಿಗೆ ನಾಲ್ಕೂ ಹನಿ ಕಂದು ಬಣ್ಣದಲ್ಲಿ ಎದ್ದು ಬಂದವು. ಮಾವ ಅರ್ಧ ಮುದ್ದೆ ಬಿಟ್ಟು ಎದ್ದರು! ನಮ್ಮ ಕಡೆ ಯಾರಾದರೂ ಮುದ್ದೆ ಬಿಟ್ಟು ಎದ್ದರೆ ಅದು ಸಣ್ಣ ಸಂಗತಿಯಲ್ಲ.

ಅವತ್ತಿನಿಂದ ಶುರುವಾಯಿತು ನೋಡಿ, ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ನಿಧಿ ಹುಡುಕುವ ಆಟ. ಕೇರಿಯ ಹತ್ತು ಹದಿನೈದು ಮಕ್ಕಳಿಗೆ ಮಾವ ಒಂದೊಂದು ಬಿಳಿ ಚೀಟಿ ಕೊಡುತ್ತಿದ್ದರು. ಹಂಚಿಕಡ್ಡಿಯ ತುದಿಗೆ ಹತ್ತಿ ಸುತ್ತಿದರೆ ಅದೇ ಲೇಖನಿ. ಬಿಸಿಗೆ ಹಿಡಿದರೆ 'ಬಾವಿ ರಾಟೆ ಕೆಳಗೆ ನೋಡು' ಎಂದು ಮೂಡುತ್ತಿತ್ತು. ಅಲ್ಲಿ ಇನ್ನೊಂದು ಚೀಟಿ. ಕೊನೆಯಲ್ಲಿ ಚನ್ನಪಟ್ಟಣದಿಂದ ತಂದ ಬಣ್ಣದ ಬುಗುರಿಯೋ ಕೊಬ್ಬರಿ ಮಿಠಾಯಿಯೋ. ಮೊದಲ ದಿನವೇ ಒಬ್ಬಳು ಬೆರಳು ಸುಟ್ಟುಕೊಂಡಿದ್ದರಿಂದ, ಮಕ್ಕಳು ಒಲೆಯ ಹತ್ತಿರ ಸುಳಿಯಕೂಡದು, ಚೀಟಿಯನ್ನು ಅತ್ತೆಯೇ ಕಾಯಿಸಿಕೊಡಬೇಕು ಎಂದು ಕಾಯಿದೆ ಆಯಿತು. ಅತ್ತೆಯನ್ನು ಮಾತ್ರ ಯಾರೂ ಕೇಳಲಿಲ್ಲ.

"ಸಾರಿಗೆ ಹಿಂಡಾಕೆ ಒಂದ್ ನಿಂಬೆಹಣ್ಣಿಲ್ಲ ಈ ಮನೇಲಿ. ಎಲ್ಲಾ ಬರ್ದು ಬರ್ದು ಮುಗಿಸವ್ರೆ!" ಎಂದು ಅತ್ತೆ ಗೊಣಗಿದರೆ, ಮಾವ ಗಂಭೀರವಾಗಿ, "ಈರುಳ್ಳಿ ರಸದಲ್ಲೂ ಬರೀಬೋದು ಕಣೆ. ಆದ್ರೆ ಓದೋರು ಅಳ್ತಾರೆ" ಎನ್ನುತ್ತಿದ್ದರು.

ಒಂದು ವರ್ಷ ಚೀಟಿಯನ್ನು ಹುಳದ ತಟ್ಟೆಯ ಕಾಗದದ ಅಡಿಯಲ್ಲಿ ಬಚ್ಚಿಟ್ಟರು. ಹುಳ ಜ್ವರಕ್ಕೆ ಕೂತಿದ್ದವು. ಅಂದರೆ ಪೊರೆ ಬಿಡುವ ಮೊದಲು ಸೊಪ್ಪು ಬಿಟ್ಟು ಅಲುಗದೆ ಮಲಗಿದ್ದವು. ಆಗ ಅವುಗಳ ಹತ್ತಿರ ಜೋರಾಗಿ ಸೀನುವವರೂ ಇಲ್ಲ. ನಮ್ಮ ದಂಡು ಹೋಗಿ ತಟ್ಟೆ ತಟ್ಟೆಯನ್ನೂ ಎತ್ತಿ ಅಲುಗಿಸಿತು. ಅತ್ತೆ ಪೊರಕೆ ಹಿಡಿದು ಬಂದಾಗ ನಾವೆಲ್ಲ ಓಡಿದೆವು. ಸಿಕ್ಕವರು ಮಾವ ಒಬ್ಬರೇ.

"ನಿಮ್ಗೇನ್ ಬುದ್ಧಿ ಐತಾ? ಜ್ವರದಾಗಿರೋ ಹುಳಾನ ಎಬ್ಬಿಸ್ತಾರಾ?"

"ಅವೂ ಮಕ್ಳೇ ಅಲ್ವೇನೇ, ರಜ ಬಂದೈತೆ, ಒಸಿ ಆಡ್ಲಿ ಬುಡು!"

ಅವತ್ತು ಮಾವನಿಗೆ ರಾತ್ರಿ ಊಟ ಸಿಕ್ಕಿದ್ದು ನಮ್ಮ ಮನೆಯಲ್ಲಿ. ನಮ್ಮ ಅವ್ವ ಅವರ ಒಡಹುಟ್ಟಿದ ಅಕ್ಕ. ಅದೇ ಊರಿಗೆ ಕೊಟ್ಟಿದ್ದರಿಂದ ಎರಡು ಮನೆಗೂ ನಡುವೆ ನಾಲ್ಕು ಬಾಗಿಲು ಅಷ್ಟೆ. ಅವ್ವ ಬಡಿಸುತ್ತಾ ಬೈದಳು, ಬೈಯುತ್ತಾ ಇನ್ನೊಂದು ಮುದ್ದೆ ಹಾಕಿದಳು.

ಇನ್ನೊಂದು ಸಲ ಅತ್ತೆ ಸಾಮಾನಿನ ಪಟ್ಟಿ ಬರೆದುಕೊಳ್ಳಿ ಎಂದರು. ಮಾವ ಬರೆದುಕೊಂಡರು. ಯಾವುದರಲ್ಲಿ? ಹೇಳಬೇಕೆ! ಕೈಗೆ ಸಿಕ್ಕಿದ್ದು ನಿಂಬೆರಸದ ಬಟ್ಟಲು. ಚನ್ನಪಟ್ಟಣದ ಅಂಗಡಿಯವನ ಕೈಗೆ ಬಿಳಿ ಹಾಳೆ ಕೊಟ್ಟರು.

"ಇದ್ರಾಗೆ ಏನೂ ಇಲ್ವಲ್ಲಣ್ಣ?"

"ಐತೆ ಐತೆ. ಒಂದ್ ಬೆಂಕಿಕಡ್ಡಿ ಗೀರಪ್ಪ, ನೋಡ್ಕೋ."

ಅವನು ಗೀರಿದ. 'ಉಪ್ಪು' ಎನ್ನುವವರೆಗೆ ಚೆನ್ನಾಗಿಯೇ ಮೂಡಿತಂತೆ, ಅಷ್ಟರಲ್ಲಿ ಪಟ್ಟಿಗೇ ಬೆಂಕಿ ಹತ್ತಿತು. ಮಾವ ಉಪ್ಪು ತಂದರು. ಉಪ್ಪು ಮಾತ್ರ ತಂದರು.

ಇಂಥವರ ಕೈಗೆ ನಾನು ನನ್ನ ಡಿಗ್ರಿ ಸರ್ಟಿಫಿಕೇಟು ಕೊಟ್ಟೆ! ನನ್ನ ಬುದ್ಧಿಗೆ ಏನು ಹೇಳೋಣ?

ಆ ಕಾಗದದ ಬೆಲೆ ನಿಮಗೆ ತಿಳಿಯಬೇಕು. ತಂದೆಯ ಕಡೆ, ತಾಯಿಯ ಕಡೆ ಎರಡೂ ವಂಶ ಜಾಲಾಡಿದರೂ ಡಿಗ್ರಿ ಮಾಡಿದವರು ಒಬ್ಬರೂ ಸಿಗುವುದಿಲ್ಲ. ಮೂರು ವರ್ಷ ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕಿ, ಬಸ್ಸಿನಲ್ಲಿ ನಿಂತುಕೊಂಡೇ ರಾಮನಗರಕ್ಕೆ ಹೋಗಿ, ಬಿ.ಎಸ್ಸಿ. ಫಸ್ಟ್ ಕ್ಲಾಸು ತಂದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆಗ ಹಾರೋಹಳ್ಳಿಯಲ್ಲಿ ಒಂದರ ಪಕ್ಕ ಒಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ. ಅಲ್ಲೊಂದರ ಲ್ಯಾಬಿಗೆ ಬಿ.ಎಸ್ಸಿ. ಆದವರು ಬೇಕೆಂದು ನನಗೂ ಕರೆ ಬಂತು. ಒರಿಜಿನಲ್ ಸರ್ಟಿಫಿಕೇಟು ತರಲೇಬೇಕು ಎಂದು ಅಡಿಗೆರೆ ಹಾಕಿದ್ದರು.

ಮಾವ ಬಂದು, "ಒಂದ್ ದಿನ ನಮ್ ಮನೇಲಿ ಇರ್ಲಿ ಕಣವ್ವ ಅದು" ಎಂದರು.

"ನಿಂಬೆಹಣ್ಣು ಮುಟ್ಟಿದ ಕೈಲಿ ಮುಟ್ಟಂಗಿಲ್ಲ ಮಾವ!"

"ಥೂ, ನನ್ ಏನಂತ ತಿಳ್ಕಂಡಿದೀಯೆ?"

ಮಾರನೆಯ ದಿನ ವಾಪಸ್ಸು ಬಂತು. ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದೆ. ಹಿಂಬದಿ ಹಾಲಿನಂತೆ ಬಿಳುಪು. ಅನುಮಾನಿಸಿದ್ದಕ್ಕೆ ನನಗೇ ನಾಚಿಕೆಯಾಯಿತು.

ಇಂಟರ್‌ವ್ಯೂ ದಿನ ಬೆಳಿಗ್ಗೆ ಚನ್ನಪಟ್ಟಣದ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಗೆ ಹೋದೆ. ಮಳೆಗೆ ನೆನೆಯದಿರಲಿ ಎಂದು ಲ್ಯಾಮಿನೇಷನ್ ಮಾಡಿಸಲು. ಆ ಕಾಲದಲ್ಲಿ ನಮ್ಮ ಜನ ರೇಷನ್ ಕಾರ್ಡಿನಿಂದ ಮದುವೆ ಫೋಟೋವರೆಗೆ ಲ್ಯಾಮಿನೇಷನ್ ಮಾಡಿಸದೆ ಬಿಟ್ಟಿದ್ದು ಮನುಷ್ಯರನ್ನು ಮಾತ್ರ! ಮಿಷಿನ್ನಿನ ಒಂದು ಕಡೆ ಸರ್ಟಿಫಿಕೇಟು ಹೋಯಿತು, ಇನ್ನೊಂದು ಕಡೆ ಬಂತು. ಗುಳ್ಳೆ ನಿಂತಿದೆ ಎಂದು ಅಂಗಡಿಯವನು ಮತ್ತೆ ಎರಡು ಸಲ ಬಿಸಿ ರೋಲರಿಗೆ ಹಾಯಿಸಿದ. ಆಮೇಲೆ ಮಗುಚಿ ನೋಡಿ ಬೆವೆತುಹೋದ.

"ಮೇಡಂ, ದೇವ್ರಾಣೆಗೂ ನಾನಲ್ಲ! ನನ್ ಮಿಷಿನ್‌ಗೆ ಬರಿಯಾಕ್ ಬರಲ್ಲ!"

ಹಿಂಬದಿಯಲ್ಲಿ ಕಂದು ಬಣ್ಣದ ದುಂಡನೆಯ ಅಕ್ಷರಗಳು: 'ಅಕ್ಕ, ಇದು ನಿನ್ನದು. ನಾನು ತಗೊಂಡುಬಿಟ್ಟಿದ್ದೆ. ತಪ್ಪಾಯಿತು.'

ಮಾವನ ಅಕ್ಕ ಎಂದರೆ ನಮ್ಮ ಅವ್ವ. ನನ್ನ ಸರ್ಟಿಫಿಕೇಟು ಅವಳದು ಹೇಗೆ? ಏನು ತಗೊಂಡದ್ದು? ಊರಿಗೆ ಹೋಗಿ ಜಗಳವಾಡೋಣವೆಂದರೆ ಬಸ್ಸು ಹೊರಟಿದೆ! ಪ್ಲಾಸ್ಟಿಕ್ಕಿನೊಳಗೆ ಸೀಲಾದ ಅಕ್ಷರವನ್ನು ಅಳಿಸುವ ಹಾಗೂ ಇಲ್ಲ. ಕನಕಪುರದಲ್ಲಿ ಬಸ್ಸು ಬದಲಿಸುವಾಗಲೂ ಅದನ್ನು ಎದೆಗೆ ಅವಚಿಕೊಂಡಿದ್ದೆ. ಪ್ರೀತಿಯಿಂದಲ್ಲ, ಹಿಂಬದಿ ಯಾರಿಗೂ ಕಾಣದಿರಲಿ ಎಂದು.

ಫ್ಯಾಕ್ಟರಿಯ ಸಾಹೇಬರು ಮುಂಬದಿ ನೋಡಿ ತಲೆದೂಗಿದರು. ಹಿಂಬದಿ ನೋಡಿ ಕನ್ನಡಕ ತೆಗೆದರು.

"ಏನಮ್ಮಾ ಇದು? ತಗೊಂಡುಬಿಟ್ಟಿದ್ದೆ ಅಂತಿದೆ. ತಪ್ಪಾಯಿತು ಅಂತ ಬೇರೆ ಇದೆ. ಈ ಸರ್ಟಿಫಿಕೇಟು ನಿಮ್ಮದೇ ತಾನೆ?"

ಮೂರು ವರ್ಷ ಬಸ್ಸಿನಲ್ಲಿ ನಿಂತದ್ದೆಲ್ಲ ಕಣ್ಣ ಮುಂದೆ ಬಂತು. "ಸಾರ್, ನನ್ನದೇ. ಅದು ನಮ್ಮ ಮಾವನ ನಿಂಬೆರಸ" ಎಂದೆ. ಅದು ಕಿವಿಗೆ ಬಿದ್ದ ಮೇಲೆ ನನಗೇ ನಂಬಿಕೆ ಬರಲಿಲ್ಲ, ಇನ್ನು ಅವರಿಗೆ? "ಒಂದು ನಿಂಬೆಹಣ್ಣು ತರಿಸಿ ಸಾರ್, ಮಾಡಿ ತೋರಿಸ್ತೀನಿ."

ಕ್ಯಾಂಟೀನಿಗೇ ಕರೆದುಕೊಂಡು ಹೋದರು. ಅರ್ಧ ಹೋಳು ಹಿಂಡಿ, ಬಿಳಿ ಹಾಳೆಯ ಮೇಲೆ ಕಡ್ಡಿಯಲ್ಲಿ ಬರೆದು, ಆರಿಸಿ, ಟೀ ಕಾಯುತ್ತಿದ್ದ ಒಲೆಯ ಮೇಲೆ ದೂರದಿಂದ ಹಿಡಿದೆ. 'ಬಿ.ಎಸ್ಸಿ., ಫಸ್ಟ್ ಕ್ಲಾಸ್' ಎಂದು ನಿಧಾನವಾಗಿ ಎದ್ದು ಬಂತು. ಟೀ ಸೋಸುತ್ತಿದ್ದಾತ "ಅಬ್ಬಬ್ಬಾ!" ಎಂದ. ಹೀಗೇಕೆ ಆಗುತ್ತದೆ ಎಂದು ಸಾಹೇಬರು ಕೇಳಿದರು. ಅದನ್ನು ನಾನು ಓದಿದ್ದೆನಲ್ಲ! ರಸದಲ್ಲಿರುವ ಆಮ್ಲ, ಸಕ್ಕರೆ ಎಲ್ಲ ಬಿಡಿಸಿ ಹೇಳಿದೆ. ಕೆಲಸ ಸಿಕ್ಕಿತು. ನಿಂಬೆಹಣ್ಣಿನಿಂದ ಸಿಕ್ಕಿತೆಂದು ಕೇರಿಯವರು ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ಫಸ್ಟ್ ಕ್ಲಾಸನ್ನು ಯಾರೂ ಹಿಂಡಿ ಕೊಟ್ಟದ್ದಲ್ಲ.

ಸಂಜೆ ಊರಿಗೆ ಬಂದವಳೇ ಅವ್ವನನ್ನೂ ಎಳೆದುಕೊಂಡು ಮಾವನ ಮನೆಗೆ ನುಗ್ಗಿದೆ. ಮಾವ ಹಜಾರದಲ್ಲಿ ಸೊಪ್ಪು ಕತ್ತರಿಸುತ್ತಿದ್ದರು.

"ಏನ್ ಮಾವ ಇದು? ಕೆಲ್ಸ ಹೋಗ್ತಿತ್ತು ಇವತ್ತು!"

ಮಾವ ಅದನ್ನು ನೋಡಿ ಬಿಳಿಚಿಕೊಂಡರು. "ಅದೆಂಗ್ ಕಾಣ್ತು? ಸರ್ಟಿಫಿಕೇಟ್ನ ಯಾರಾದ್ರೂ ಒಲೆಗೆ ಹಿಡೀತಾರಾ? ಯಾವತ್ತೂ ಕಾಣಲ್ಲ ಅಂತ್ಲೇ ಅಲ್ವಾ ನಾನು ಅದ್ರಲ್ಲಿ ಬರ್ದಿದ್ದು!"

ಅವ್ವ ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಪ್ಲಾಸ್ಟಿಕ್ಕಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮುಗಿದ ಮೇಲೂ ಬೆರಳು ತೆಗೆಯಲಿಲ್ಲ.

ನನಗೆ ಗೊತ್ತಿಲ್ಲದ ಕಥೆಯೊಂದು ಅವತ್ತು ಗೊತ್ತಾಯಿತು. ಅವ್ವ ಐದನೆಯ ಕ್ಲಾಸಿನಲ್ಲಿ ಎಲ್ಲರಿಗಿಂತ ಮುಂದಿದ್ದಳಂತೆ. ಆ ವರ್ಷ ಹುಳ ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಾದರು. ತಾತ ಅವಳನ್ನು ಶಾಲೆ ಬಿಡಿಸಿ, ಅವಳ ಚೀಲವನ್ನೇ ತಮ್ಮನ ಹೆಗಲಿಗೆ ಹಾಕಿ ಕಳಿಸಿದರು. ಆ ಚೀಲ ಹೊತ್ತು ಹೋದ ಮಾವ ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಲ ಫೇಲಾಗಿ, ಅದನ್ನು ತಂದು ಗೂಟಕ್ಕೆ ನೇತುಹಾಕಿದರು.

"ನೀನ್ ಹೋಗಿದ್ರೆ ಆವತ್ತೇ ಬರ್ತಿತ್ತು ಈ ಕಾಗ್ದ" ಎಂದರು ಮಾವ, ತಲೆ ಎತ್ತದೆ. "ನಾನ್ ಹೋಗಲ್ಲ ಅಂತ ಒಂದ್ ಮಾತು ಅನ್ನಬೋದಾಗಿತ್ತು. ಚೀಲ ಚೆಂದಾಗಿತ್ತು ಕಣಕ್ಕ, ತಕ್ಕಂಬುಟ್ಟೆ."

ಅವ್ವ ಸರ್ಟಿಫಿಕೇಟನ್ನು ನನಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ಮಾವನ ಪಕ್ಕದಲ್ಲಿ ಕೂತು ಒಂದು ಹಿಡಿ ಸೊಪ್ಪು ಎಳೆದುಕೊಂಡಳು. ಅವಳೂ ಕತ್ತರಿಸತೊಡಗಿದಳು.

"ನಿನ್ ಅಕ್ಸರ ಮುತ್ತಿನಂಗೆ ದುಂಡಗವೆ ಕಣ್ಲಾ" ಎಂದಳು ಅವ್ವ ಆಮೇಲೆ. "ನಾನೂ ಹಿಂಗೇ ಬರೀತಿದ್ದೆ."

ಮಾವ ಮುಂಗೈಯಲ್ಲಿ ಕಣ್ಣು ಒರೆಸಿಕೊಂಡರು.

"ನೀನೇ ಅಲ್ವೇನಕ್ಕ," ಎಂದರು, "ಕೈ ಹಿಡ್ದು ತಿದ್ಸಿದ್ದು."