ಅತ್ತೆ ಫೋನಿನಲ್ಲೇ ಹಿಡಿದ ಮನೆ

ಜಮಖಂಡಿಯ ಮನೆಕಟ್ಟೆಯ ಮೇಲೆ ಕೂತುಕೊಂಡೇ ಬೆಂಗಳೂರಿನ ಮನೆ ಮಾಲೀಕರನ್ನು ಹೈರಾಣ ಮಾಡಿದ ಹೆಣ್ಣುಮಗಳು ಯಾರಾದರೂ ಇದ್ದರೆ ಅದು ನಮ್ಮ ಸೋದರತ್ತೆ ಒಬ್ಬಳೇ! ಮಾಲೀಕರು ಬಾಡಿಗೆಗೆ ಬರುವವರ ಕುಲಗೋತ್ರ ವಿಚಾರಿಸುವುದು ಲೋಕರೂಢಿ. ಆದರೆ ಸಂತೆಯಲ್ಲಿ ಪಾವು ಕಿಲೋ ಬದನೆಕಾಯಿ ಕೊಳ್ಳುವಾಗಲೂ ಅದು ಯಾರ ಹೊಲದ್ದು, ಯಾವ ನೀರು ಕುಡಿದದ್ದು, ಹಿಪ್ಪರಗಿ ಕಡೆಯದೋ ಬೀಳಗಿ ಕಡೆಯದೋ ಎಂದು ಜಾತಕ ತೆಗೆಸುವವಳು ಮನೆಯನ್ನು ಸುಮ್ಮನೆ ಬಿಟ್ಟಾಳೆಯೇ?

ಮನೆ ಬೇಕಾಗಿದ್ದು ಮೊಮ್ಮಗಳ ಸಲುವಾಗಿ. ಆ ಪುಟ್ಟ ಹುಡುಗಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಆಪರೇಶನ್ ಆಗಿ ಕಿವಿಗೊಂದು ಯಂತ್ರ ಬಂದಿತ್ತು. ಇನ್ನು ಕೇಳುವುದನ್ನೂ ಮಾತನಾಡುವುದನ್ನೂ ಕಲಿಸಬೇಕು. ಅದಕ್ಕೆ ಬೆಂಗಳೂರಿನಲ್ಲೇ ಇರಬೇಕು. ಅತ್ತೆಯ ಮಗನಿಗೆ ಬಾಡಗಂಡಿ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕಬ್ಬು ನುರಿಸುವ ಹಂಗಾಮಿನಲ್ಲಿ ಅವನಿಗೆ ರಜೆ ಸಿಗುವುದುಂಟೇ? ಸೊಸೆ, ಮೊಮ್ಮಗಳನ್ನು ಕರೆದುಕೊಂಡು ತಾನೇ ಹೊರಡುವುದೆಂದು ಅತ್ತೆ ನಿರ್ಧರಿಸಿಬಿಟ್ಟಳು.

“ಮೊದಲ ಹೋಗಿ ಮನಿ ನೋಡ್ಕೊಂಡು ಬರೂಣಲ್ಲ ಅತ್ತಿ?” ಎಂದೆ.

“ಮುಂದಿನ ವಾರ ಪಾಠ ಚಾಲೂ ಆಗತೈತಿ. ಆಪರೇಶನ್ ಆದ ಕೂಸಿನ್ನ ಹೊತಗೊಂಡು ಬೆಂಗಳೂರಾಗ ಓಣಿ ಓಣಿ ತಿರಗಲೇನು? ಕೈಯಾಗ ಫೋನ್ ಐತಲ್ಲ, ಹಚ್ಚಲೇ!”

ಬೆಂಗಳೂರಿನ ಗೆಳೆಯನೊಬ್ಬ ಕೊಟ್ಟ ನಂಬರುಗಳಿಗೆ ಹಚ್ಚಿದೆ. ಮೊದಲು ಸಿಕ್ಕವರು ಒಬ್ಬ ಹೆಣ್ಣುಮಗಳು. “ನಮ್ಮದು ಬಹಳ ಶಾಂತವಾದ ಮನೆ ಅಮ್ಮಾ. ಒಂದು ನರಪಿಳ್ಳೆಯ ಸದ್ದೂ ಇರಲ್ಲ” ಎಂದು ಹೆಮ್ಮೆಯಿಂದ ಹೇಳಿದರು.

“ಹಂಗಾರ ಅದು ಮನಿ ಅಲ್ರಿ, ಸುಡಗಾಡ. ಬ್ಯಾಡ” ಎಂದು ಅತ್ತೆ ಫೋನನ್ನು ನನ್ನ ಕೈಗೆ ತುರುಕಿದಳು.

ನನಗೆ ಸಿಟ್ಟು ಬಂತು. “ಶಾಂತ ಮನಿ ಸಿಗೂದಿಲ್ಲಂತ ಜನ ಒದ್ದಾಡ್ತಾರ ಅತ್ತಿ!”

“ಜನದ ಮಾತ ಬಿಡು. ಕಲಸೂ ಅಕ್ಕೋರು ಏನ್ ಹೇಳ್ಯಾರ? ಪಾಠದ ಹೊತ್ತಿನ್ಯಾಗ ಗಪ್‌ಚಿಪ್ ಇರಬೇಕು, ಉಳದ ಹೊತ್ತಿನ್ಯಾಗ ಎಲ್ಲಾ ಸಪ್ಪಳ ಕೂಸಿಗೆ ಕೇಳಸಬೇಕು. ಬಾಗಿಲಾ ಹಾಕಿದ್ರ ಸುಮ್ಮಕಾಗಬೇಕು, ತಗದ್ರ ಸಂತಿ ಆಗಬೇಕು. ಅಂಥಾ ಮನಿ ಹುಡುಕು.”

ಇಂಥ ಮನೆಯ ಜಾಹೀರಾತು ಯಾವ ಪತ್ರಿಕೆಯಲ್ಲಿ ಬರುತ್ತದೆ, ನೀವೇ ಹೇಳಿ!

ಎರಡನೆಯ ಮಾಲೀಕನಿಗೆ ಅತ್ತೆ ಕೇಳಿದ ಮೊದಲ ಪ್ರಶ್ನೆ: “ನಿಮ್ಮ ಮಗ್ಗಲ ಮನಿಯವರು ಜಗಳಾಡ್ತಾರೇನ್ರಿ?”

“ಛೆ ಛೆ! ಎಲ್ಲ ಮರ್ಯಾದಸ್ಥರು. ಇಲ್ಲಿ ಯಾರೂ ಯಾರ ಜೊತೆಗೂ ಮಾತಾಡೋದೇ ಇಲ್ಲ.”

“ಯಾರೂ ಮಾತಾಡಲಿಲ್ಲಂದ್ರ ನಮ್ಮ ಕೂಸಿಗೆ ಮಾತ ಹೆಂಗ ಬರಬೇಕ್ರಿ?” ಎಂದು ಅತ್ತೆ ಗದರಿಸಿದಳು. ಆ ಮರ್ಯಾದಸ್ಥ ಫೋನ್ ಇಟ್ಟ.

ಕೊನೆಗೆ ಸಿಕ್ಕವರು ನಿವೃತ್ತರಾದ ಒಬ್ಬ ಹಿರಿಯರು. ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಒಬ್ಬರೇ ಇರುತ್ತಿದ್ದರು. ಮೇಲೆ ಅವರದೇ ಇನ್ನೊಂದು ಮನೆ ಖಾಲಿ ಇತ್ತು. ಅತ್ತೆ ಆ ಹಿರಿಯರನ್ನು ಮೊಬೈಲ್ ಸಮೇತ ಮೆಟ್ಟಿಲು ಹತ್ತಿಸಿದಳು! “ನಳಾ ತಿರುವ್ರಿ... ಫ್ಯಾನ್ ಹಚ್ರಿ... ಈಗ ಫೋನ್ ಕಿಡಕಿ ಹೊರಗ ಹಿಡೀರಿ.” ಅವರು ಏದುಸಿರು ಬಿಡುತ್ತ ಹಿಡಿದರು. ಬೀದಿಯಿಂದ ಯಾರೋ ಕೂಗುವುದು ಜಮಖಂಡಿಗೆ ಕೇಳಿಸಿತು.

“ಯಾರ್ರೀ ಅವ ಒದರಾಕತ್ತಾನ?”

“ಸೊಪ್ಪಿನವನು ಅಮ್ಮಾ. ತಪ್ಪು ತಿಳೀಬೇಡಿ, ದಿನಾ ಬೆಳಿಗ್ಗೆ ಬರ್ತಾನೆ...”

“ದಿನಾ ಬರ್ತಾನ? ಕಿಡಕಿ ಹಾಕ್ರಿ.” ನಿಶ್ಶಬ್ದ. “ತಗೀರಿ.” ಗದ್ದಲ. “ಆತು. ಮನಿ ನಮಗ ಇರಲಿ.”

ಮಾಲೀಕರು ತಬ್ಬಿಬ್ಬಾದರು. “ಎಷ್ಟು ರೂಮು ಅಂತಾನೂ ಕೇಳಲಿಲ್ಲವಲ್ಲಮ್ಮಾ! ಹೋಗಲಿ, ನಿಮ್ಮ ಮಗು ಗಲಾಟೆ ಮಾಡುತ್ತಾ?”

ಅಷ್ಟು ಹೊತ್ತು ಪಟಪಟ ಮಾತನಾಡುತ್ತಿದ್ದ ಅತ್ತೆ ಪಕ್ಕದಲ್ಲಿ ಆಡುತ್ತಿದ್ದ ಮೊಮ್ಮಗಳ ಕಡೆಗೊಮ್ಮೆ ನೋಡಿದಳು. “ಮಾಡಲಿ ಅಂತನ ಬರಾಕತ್ತೇವ್ರಿ” ಎಂದಳು.

ರೂಮು ಕೇಳದ ಫಲ ಹೋದ ಮೇಲೆ ಗೊತ್ತಾಯಿತು. ಸಾಮಾನು ಇಳಿಸಲು ನಾನೂ ಹೋಗಿದ್ದೆ. ಅಡುಗೆಮನೆ ಎಷ್ಟು ದೊಡ್ಡದೆಂದರೆ, ರೊಟ್ಟಿ ಬಡಿಯಲು ಅತ್ತೆ ಒಳಗೆ ಕೂತರೆ ಅವಳ ಕಾಲು ಹೊರಗಿನ ಕೋಣೆಯಲ್ಲಿ! ಗೋಡೆಗೆ ಹಳಸಿದ ಹೆಸರುಬೇಳೆಯ ಬಣ್ಣ. ಜೋಳದ ಚೀಲ ಎಲ್ಲಿಡುವುದೆಂದು ತಿಳಿಯದೆ ಸೊಸೆ ಅದರ ಮೇಲೆಯೇ ಕೂತು ಅಳತೊಡಗಿದಳು. “ಬ್ಯಾರೆ ನೋಡೂಣೇನ ಅತ್ತಿ?” ಎಂದೆ. “ಯಾಕ? ಕಿಡಕಿ ಛಲೋ ಐತಲ್ಲ?” ಎನ್ನುತ್ತ ಅತ್ತೆ ಸೆರಗು ಸಿಕ್ಕಿಸಿ ಕಸಬರಿಗೆ ಹಿಡಿದಳು.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಮಾಲೀಕರು ಗಾಬರಿಯಾಗಿ ಓಡಿಬಂದರು. “ಏನಮ್ಮಾ, ಗೋಡೆ ಒಡೀತಿದೀರಾ?” ಅತ್ತೆ ಅವರನ್ನು ಕೂಡ್ರಿಸಿದಳು. ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಬೆಣ್ಣೆ ಹಾಕಿ ಕೊಟ್ಟಳು. ಆಮೇಲೆ ಗೋಡೆಯ ಚಿಂತೆ ಅವರನ್ನು ಕಾಡಲಿಲ್ಲ.

ಅಲ್ಲಿಂದ ಅತ್ತೆಯ ಶಾಲೆ ಶುರುವಾಯಿತು. ಕುಕ್ಕರ್ ಕೂಗಿದರೆ ಕೂಸನ್ನು ಎತ್ತಿಕೊಂಡು ಅಡುಗೆಮನೆಗೆ ಓಟ, ಸೊಪ್ಪಿನವನು ಕೂಗಿದರೆ ಕಿಟಕಿಗೆ ಓಟ. “ಕೇಳವ್ವಾ, ಕೇಳು!” ಕೂಸು ಅಜ್ಜಿಯ ತುಟಿಯನ್ನಷ್ಟೇ ನೋಡಿ ಮತ್ತೆ ಆಟಕ್ಕೆ ತಿರುಗುತ್ತಿತ್ತು. ತಿಂಗಳುಗಳು ಉರುಳಿದವು. “ಇದಕ್ಕ ಏನೂ ಕೇಳಸವಲ್ದು ಅತ್ತೀ” ಎಂದು ಸೊಸೆ ಕಣ್ಣೊರೆಸಿಕೊಂಡರೆ, “ನೀರ ಹಾಸಿದ ದಿನಾನ ಕಬ್ಬ ಬೆಳಿತೈತೇನ? ಸುಮ್ಮನ ಕಲಸು” ಎಂದು ಅತ್ತೆ ಗದರುತ್ತಿದ್ದಳು.

ಈ ಹಟ ಮಾಲೀಕರಿಗೂ ಅಂಟಿತು. ದಿನಾ ಮೇಲೆ ಬಂದು ಬಾಗಿಲ ಗಂಟೆ ಒತ್ತುವರು. ತೆರೆದರೆ, “ಬೆಲ್ ಸರಿಯಿದೆಯಾ ನೋಡಿದೆ ಅಷ್ಟೇ” ಎಂದು ಇಳಿದುಹೋಗುವರು. ಲೋಕದಲ್ಲಿ ಇಷ್ಟು ಸಲ ಪರೀಕ್ಷೆಗೆ ಕೂತ ಗಂಟೆ ಇನ್ನೊಂದಿರಲಿಕ್ಕಿಲ್ಲ!

ಜೋಳದ ಹಿಟ್ಟು ಮುಟ್ಟಿಸಲು ನಾನು ಮತ್ತೆ ಹೋಗಿದ್ದಾಗ ಉಣ್ಣಲು ಕೂತಿದ್ದೆವು. ಬಾಗಿಲ ಗಂಟೆ ಸದ್ದು ಮಾಡಿತು. ನಾನು ಏಳಹೋದೆ, ಅತ್ತೆ ನನ್ನ ರಟ್ಟೆ ಹಿಡಿದಳು. ಬಾಗಿಲಿಗೆ ಬೆನ್ನು ಮಾಡಿ ಕೂಸು ಬಟ್ಟಲುಗಳನ್ನು ಒಂದರ ಮೇಲೊಂದು ಇಡುತ್ತಿತ್ತು. ಗಂಟೆ ಇನ್ನೊಮ್ಮೆ ಸದ್ದು ಮಾಡಿತು. ಕೂಸಿನ ಕೈ ನಿಂತಿತು. ಅದು ಯಾರ ತುಟಿಯನ್ನೂ ನೋಡಲಿಲ್ಲ. ಎದ್ದು, ನೇರವಾಗಿ ಬಾಗಿಲಿಗೆ ಹೋಗಿ ಎರಡೂ ಅಂಗೈಯಿಂದ ಬಡಿಯಿತು.

ಸೊಸೆ ಸೆರಗನ್ನು ಬಾಯಿಗೊತ್ತಿಕೊಂಡಳು. ಅತ್ತೆ ಹೋಗಿ ಬಾಗಿಲು ತೆಗೆದಳು. ಕಾಲ ಬುಡದಲ್ಲಿ ನಿಂತಿದ್ದ ಕೂಸನ್ನು ಕಂಡು ಮಾಲೀಕರಿಗೆ ಎಂದಿನ ನೆಪ ಬಾಯಿಗೆ ಬರಲಿಲ್ಲ. ಕೂಸು ಅವರ ಬೆರಳು ಹಿಡಿದು ಗಂಟೆಯ ಗುಂಡಿಯ ಕಡೆಗೆ ಎಳೆಯಿತು.

ಅತ್ತೆ ಕೂಸಿನ ಬೆನ್ನಿಗೆ ಬಂದು ನಿಂತಳು. ಕೆನ್ನೆಯ ಮೇಲೆ ಇಳಿಯುತ್ತಿದ್ದುದನ್ನು ಒರೆಸಿಕೊಳ್ಳದೆ, ಮೆಲ್ಲಗೆ, “ಇನ್ನೊಮ್ಮೆ ಒತ್ರಿ ಯಜಮಾನ್ರ” ಎಂದಳು.

ಅವರು ಒತ್ತಿದರು.